ಅತ್ತಿಗೆಯ ಜೊತೆ ಹಕ್ಕಿ ನೋಡಲು ಹೋಗಿ

ನಮ್ಮ ಅತ್ತಿಗೆಯ ಜೊತೆ ರಜೆಗೆ ಹೋಗಿಬಂದವರಿಗೆ ಸುಧಾರಿಸಿಕೊಳ್ಳಲು ಇನ್ನೊಂದು ರಜೆ ಬೇಕು. ನನಗೆ ಎರಡು ಬೇಕಾದವು!

ಅತ್ತಿಗೆ ಎಂದರೆ ನನ್ನ ಅಣ್ಣನ ಹೆಂಡತಿ. ವೈ.ಎನ್.ಹೊಸಕೋಟೆಯಲ್ಲಿ ನರ್ಸಾಗಿದ್ದು ನಿವೃತ್ತರಾದವರು. ಜನರಿಗೆ ಸೂಜಿ ಚುಚ್ಚುವ ಕೆಲಸ ಮುಗಿದದ್ದೇ ತಡ, ಹಕ್ಕಿ ನೋಡುವ ಹುಚ್ಚು ಹತ್ತಿತು. ಅಂಡಮಾನಿನ ಮೂಲೆಯ ದ್ವೀಪವೊಂದರಲ್ಲಿ ಮೈಯೆಲ್ಲ ಕಪ್ಪಾಗಿ, ತಲೆಗೆ ಕೆಂಪು ಜುಟ್ಟಿರುವ ಮರಕುಟಿಗವಿದೆಯಂತೆ. ಆ ಕಡೆಯ ದ್ವೀಪಗಳನ್ನು ಬಿಟ್ಟರೆ ಬೇರೆಲ್ಲೂ ಸಿಗುವುದಿಲ್ಲವಂತೆ. ಸಾಯುವುದರೊಳಗೆ ಅದನ್ನು ನೋಡಲೇಬೇಕು ಎಂದರು. ಅಣ್ಣ ಜಾಣ, ಮಂಡಿನೋವು ಎಂದುಬಿಟ್ಟ. ಮಂಡಿ ನನಗೂ ನೋಯುತ್ತದೆ, ಹೇಳುವುದು ಸ್ವಲ್ಪ ತಡವಾಯಿತು. "ಮನೆಗೊಂದು ಮಂಡಿನೋವು ಸಾಕು, ನೀನು ಹೊರಡು" ಎಂದರು ಅತ್ತಿಗೆ.

ಅದಕ್ಕೂ ಮೊದಲು ತಿಂಗಳಿಡೀ ತರಬೇತಿ! ಬಣ್ಣದ ಬಟ್ಟೆ ಕಂಡರೆ ಹಕ್ಕಿ ಹಾರಿಹೋಗುತ್ತದೆಂದು ಶಿರಾದ ಅಂಗಡಿಯಲ್ಲಿ ನನಗೂ ತಮ್ಮದರಂಥದೇ ಮಣ್ಣಿನ ಬಣ್ಣದ ಷರಟು ಕೇಳಿದರು. ಅಂಗಡಿಯ ಚಾಚಾ ಇದ್ದಬದ್ದದ್ದನ್ನೆಲ್ಲ ಕೆಳಗಿಳಿಸಿ ಸುಸ್ತಾದರು. "ಎಲ್ರೂ ಕೊಳೆ ಹೋಗೋ ಬಟ್ಟೆ ಕೇಳ್ತಾರೆ ಅಮ್ಮಾ, ನೀವು ಕೊಳೆಯಾಗಿರೋದೇ ಕೇಳ್ತೀರಲ್ಲ! ಜರಾ ರಹಮ್ ಮಾಡಿ, ಕರುಣೆ ತೋರ್ಸಿ!"

ಆಮೇಲಿನ ಪಾಠ, ಅಲುಗಾಡದೆ ಕೂರುವುದು. ಅದಕ್ಕೆ ಆರಿಸಿದ್ದು ರೈತರ ಹೊಲಗಳಲ್ಲಿ ಎದ್ದಿರುವ ತಿರುಮಣಿಯ ಸೋಲಾರ್ ಪಾರ್ಕಿನ ಬೇಲಿಯ ಪಕ್ಕದ ಬಂಡೆ, ಮಟಮಟ ಮಧ್ಯಾಹ್ನ. "ನೆಳ್ಳು ಹುಡುಕ್ತಾ ಕೂತ್ರೆ ಹಕ್ಕಿ ಹೋಗ್ಬುಡ್ತದೆ ಕಣಪ್ಪಾ. ಕಂಡ ತಕ್ಷಣ ಕೈ ಎತ್ಬೇಡ, ಬಾಯಿ ಬುಡ್ಬೇಡ."

ಮಣ್ಣುಬಣ್ಣದ ನಮ್ಮಿಬ್ಬರನ್ನು ಕಂಡು ಕುರಿ ಕಾಯುವ ಮುದುಕನೊಬ್ಬ ನಿಂತ. "ಏಂ ಸಾರ್, ಮಾ ಚೇನು ಕೂಡಾ ಸೋಲಾರ್‌ಕು ತೀಸ್ಕುಂಟಾರಾ?" ತನ್ನ ಹೊಲವನ್ನೂ ತೆಗೆದುಕೊಳ್ಳುತ್ತೀರಾ ಎಂದು ಅವನ ಪ್ರಶ್ನೆ.

"ಲೇದಣ್ಣಾ, ಪಿಟ್ಟಲು ಚೂಸ್ತುನ್ನಾಂ." ಹಕ್ಕಿ ನೋಡುತ್ತಿದ್ದೇವೆ ಎಂದರು ಅತ್ತಿಗೆ.

ಮುದುಕ ಅವರನ್ನು ನೋಡಿದ. ನನ್ನನ್ನು ನೋಡಿದ. "ಪಾಪಂ" ಎಂದು ಕುರಿ ಹೊಡೆದುಕೊಂಡು ಹೋದ. ಇದಕ್ಕೂ ಅನುವಾದ ಬೇಕೆ?

ಅಂತೂ ಹಡಗು ಹತ್ತಿ ದ್ವೀಪ ತಲುಪಿದರೆ ಅಲ್ಲಿ ಸೋಪಿಗೆ ಅತ್ತಿಗೆಯ ನಿಷೇಧ. ವಾಸನೆಗೆ ಹಕ್ಕಿ ಹತ್ತಿರ ಬರುವುದಿಲ್ಲವಂತೆ. ಮೂರು ದಿನ ಸೋಪು ಮುಟ್ಟಲಿಲ್ಲ. ಹಕ್ಕಿ ಹಾಗಿರಲಿ, ಮನುಷ್ಯರೂ ಹತ್ತಿರ ಬರಲಿಲ್ಲ! ಮೂರನೆಯ ಸಂಜೆ ಅತ್ತಿಗೆ ಮರದ ಬೇರು ಎಡವಿ ಬಿದ್ದರು. ಪಾದ ಊದಿಕೊಂಡಿತು. ತಾವೇ ಒತ್ತಿ ನೋಡಿ, "ಮುರ್ದಿಲ್ಲ, ಉಳುಕು" ಎಂದು ತಾವೇ ಪಟ್ಟಿ ಕಟ್ಟಿಕೊಂಡರು. ಮರುದಿನ ಮಧ್ಯಾಹ್ನ ವಾಪಸು ಹಡಗು. ಉಳಿದಿದ್ದು ಒಂದೇ ಬೆಳಗು. "ಬುಡು, ನೀನಾದ್ರೂ ನಿದ್ದೆ ಮಾಡು" ಎಂದು ಗೋಡೆಯ ಕಡೆ ತಿರುಗಿದರು.

ತಿಂಗಳ ಮೇಲೆ ಸಿಕ್ಕ ಅಪ್ಪಣೆ! ಆದರೆ ಹಾಳು ನಿದ್ದೆ ಬರಬೇಕಲ್ಲ? ಬೆಳಕು ಹರಿಯುವಾಗ ಬೈನಾಕ್ಯುಲರ್ ಕೊರಳಿಗೆ ಹಾಕಿಕೊಂಡು ಒಬ್ಬನೇ ಹೊರಟೆ. ಕಾಡಿನಂಚಿನಲ್ಲಿ ಕೂತೆ. ಸೊಳ್ಳೆ ಕಚ್ಚಿದವು, ಮಂಡಿ ಜೋಮು ಹಿಡಿಯಿತು. ಎಲ್ಲೋ ಟಕ್ ಟಕ್ ಎಂದಿತು. ಒಣಮರದ ಮೇಲೆ ಕರ್ರಗಿನ ಹಕ್ಕಿ, ಉದುರುವ ತೊಗಟೆ. ನಾನು ಕೈ ಎತ್ತಲಿಲ್ಲ.

ವಾಪಸು ಬಂದಾಗ ಅತ್ತಿಗೆ ಕಾಲನ್ನು ದಿಂಬಿನ ಮೇಲಿಟ್ಟು ಕೂತಿದ್ದರು. ಹೇಳುವುದೋ ಬೇಡವೋ ಎಂದು ಬಾಗಿಲಲ್ಲೇ ನಿಂತೆ.

"ಕಂಡೇನ್ಲಾ?"

"ಕಂಡೆ ಅತ್ತಿಗೆ."

"ಬಾ ಕೂತ್ಕೋ. ನಿಧಾನಕ್ಕೇಳು. ಕೆಂಪು ಹಣೆ ಮೇಲೂ ಇತ್ತಾ?"

"ಇಲ್ಲ, ತಲೆ ಹಿಂದೆ ಮಾತ್ರ."

"ಅಂಗಾದ್ರೆ ಹೆಣ್ಣು. ಕಣ್ಣು?"

"ಬೆಳ್ಳಗಿತ್ತು."

"ಹೆಂಗೆ ಕುಟ್ತಿತ್ತು?"

ಮಂಚದ ಮರಕ್ಕೆ ಬೆರಳಗೆಣ್ಣಿನಿಂದ ಕುಟ್ಟಿ ತೋರಿಸಿದೆ. ಅತ್ತಿಗೆ ಕಣ್ಣು ಮುಚ್ಚಿಕೊಂಡರು. ಮುಖ ಸ್ವಲ್ಪ ಮೇಲೆತ್ತಿದರು, ಎತ್ತರದ ಕೊಂಬೆ ನೋಡುವವರ ಹಾಗೆ. ನಾನು ನಿಲ್ಲಿಸಿದೆ.

"ಇನ್ನೊಂದೀಟು ಕುಟ್ಟಪ್ಪಾ" ಎಂದರು, ಕಣ್ಣು ತೆರೆಯದೆ.

ಹಡಗಿಗೆ ಹೊತ್ತಾಗುವವರೆಗೂ ಕುಟ್ಟಿದೆ.