ಲೈಸೋಸೋಮ್ ಒಡೆದಿದೆಯಾ, ನೋಡಿ ಹೇಳು

ಲೈಸೋಸೋಮ್ ಪಾಠಕ್ಕೂ ನನಗೂ ಅದೇನು ಹಗೆಯೋ, ಒಂಬತ್ತನೇ ಕ್ಲಾಸಿನಲ್ಲಿ ಅದು ಬಂದಾಗಲೆಲ್ಲ ನನ್ನ ಮಾನ ಹೋಗುತ್ತೆ. ತುರುವೇಕೆರೆ ಕಡೆ ಹೈಸ್ಕೂಲಿನ ಸೈನ್ಸ್ ಮೇಷ್ಟ್ರು ನಾನು. ಈ ವರ್ಷ ಇನ್‌ಸ್ಪೆಕ್ಷನ್ ಬೇರೆ. "ಮಕ್ಕಳು ತೊದಲಿದ್ರೆ ಸೈನ್ಸ್ ಬಿಡಿಸಿ ಪೀಟಿ ಪಿರಿಯಡ್ ಕೊಟ್ಬುಡ್ತೀನಿ ಕಣ್ರೀ" ಅಂದರು ಹೆಡ್ಮಾಸ್ಟರು. ಈ ಮಂಡಿನೋವು ಇಟ್ಕೊಂಡು ನಾನು ಸೀಟಿ ಊದೋದಾ?

೧. ತಿಪ್ಪೆ

"ಜೀವಕೋಶದಲ್ಲಿ ಹಳೇದು, ಕೆಟ್ಟಿದ್ದು ಎಲ್ಲಾ ಕರಗಿಸೋ ಪುಟ್ಟ ಚೀಲ ಇದು. ಮನೆ ಹಿಂದಿನ ತಿಪ್ಪೆ ಅಂದ್ಕೊಳ್ರಪ್ಪ" ಅಂತ ಹೇಳಿಕೊಟ್ಟೆ. ಮಾರನೇ ದಿನ ಒಬ್ಬ ಹುಡುಗಿಯ ತಾಯಿ ಹಾಜರ್.

"ಏನ್ ಮೇಷ್ಟ್ರೇ, ನನ್ ಮಗಳ ಮೈಯೆಲ್ಲಾ ತಿಪ್ಪೆ ಅಂದ್ರಂತೆ? ದಿನಾ ನೀರು ಹುಯ್ಕೊಂಡೇ ಬತ್ತಾಳೆ ಅವಳು!"

"ಅಯ್ಯೋ, ಅದು ಎಲ್ಲರ ಮೈಲೂ ಇರುತ್ತೆ ಕಣಮ್ಮ. ನನ್ನ ಮೈಲೂ ಇದೆ."

ಆಕೆ ನನ್ನನ್ನ ಮೇಲಿಂದ ಕೆಳಗೆ ನೋಡಿದರು. "ನಿಮ್ದು ಕಾಣ್ತೈತೆ, ಬುಡಿ."

೨. ಬೆಲ್ಲ

ತಿಪ್ಪೆ ಸಹವಾಸ ಸಾಕು ಅಂತ ಮಾಡೆಲ್ ಮಾಡಿಸಿದೆ. ತೆಂಗಿನ ಚಿಪ್ಪೇ ಕೋಶ, ನಿಂಬೆಹಣ್ಣು ಕೋಶಕೇಂದ್ರ, ಬೆಲ್ಲದ ಉಂಡೆಗಳು ಲೈಸೋಸೋಮ್. ಬೆಳಗ್ಗೆ ಬಂದು ನೋಡಿದರೆ ಉಂಡೆಗಳೇ ಇಲ್ಲ.

"ಲೈಸೋಸೋಮ್ ಎಲ್ರೋ?"

"ಇರುವೆ ತಿಂದ್ವು ಸಾ."

ಕೋಶದ ಕಸವನ್ನೆಲ್ಲ ತಿನ್ನೋದನ್ನೇ ಇರುವೆ ತಿಂದ ಮೇಲೆ ನಾನು ಏನು ಪಾಠ ಮಾಡಲಿ, ಹೇಳಿ!

೩. ಇನ್‌ಸ್ಪೆಕ್ಷನ್

ಸಾಹೇಬರು ಬಂದರು. ಕ್ಲಾಸಿನ ಜಾಣೆಯನ್ನೇ ಎಬ್ಬಿಸಿದರು. "ಲೈಸೋಸೋಮ್ ಒಡೆದರೆ ಏನಾಗುತ್ತಮ್ಮ?"

"ಒಳಗಿನ ರಸ ಚೆಲ್ಲಿ ಕೋಶಾನೇ ಕರಗೋಯ್ತದೆ ಸಾ."

ನನಗೆ ಜೀವ ಬಂತು. ಸಾಹೇಬರು ಅಷ್ಟಕ್ಕೇ ಬಿಡಬಾರದಾ? ಕೋಶಗಳ ಸ್ಲೈಡು ಅವಳ ಕೈಗೆ ಕೊಟ್ಟು, "ಇದರಲ್ಲಿ ಒಡೆದಿದೆಯಾ, ನೋಡಿ ಹೇಳು" ಅಂದರು. ನಮ್ಮ ಸ್ಕೂಲಿನ ಮೈಕ್ರೋಸ್ಕೋಪಿನಲ್ಲಿ ಅದು ಕಾಣೋದೇ ಇಲ್ಲ. ಅವಳು ಹಾಗಂತ ಹೇಳಿದ್ದರೆ ಮುಗಿದುಹೋಗ್ತಿತ್ತು.

ನಮ್ಮ ಕಡೆ ಅಟ್ಟದ ಮೇಲಿನ ಕಾಯಿ ಒಣಗಿ ಕೊಬ್ಬರಿ ಆಗಿದೆಯಾ ಅಂತ ಯಾರೂ ಒಡೆದು ನೋಡಲ್ಲ. ಕಿವಿ ಹತ್ರ ಹಿಡಿದು ಅಲ್ಲಾಡಿಸ್ತಾರೆ, ಒಳಗೆ ಗಡಗಡ ಅಂದರೆ ಕೊಬ್ಬರಿ. ನಮ್ಮ ಜಾಣೆ ಸ್ಲೈಡನ್ನ ಕಿವಿ ಹತ್ರ ಹಿಡಿದು ಅಲ್ಲಾಡಿಸಿದಳು!

"ಒಡೆದಿಲ್ಲ ಸಾ. ಸದ್ದೇ ಇಲ್ಲ."

ಮುಗೀತು ನನ್ನ ಕಥೆ ಅಂತ ಗೋಡೆಗೆ ಒರಗಿದೆ. ಸಾಹೇಬರು ಸ್ಲೈಡು ಕಿತ್ಕೊಂಡರು. ತಮ್ಮ ಕಿವಿ ಹತ್ರ ಹಿಡಿದು ತಾವೂ ಅಲ್ಲಾಡಿಸಿದರು.

"ಹೌದಲ್ರೀ ಮೇಷ್ಟ್ರೇ, ಒಡೆದಿಲ್ಲ! ನಮ್ದೂ ತೋಟ ಐತೆ, ನನಗೆ ಗೊತ್ತಾಗಲ್ವಾ?"

ರಿಪೋರ್ಟಿನಲ್ಲಿ "ಬೋಧನೆ ಉತ್ತಮ" ಅಂತ ಬರೆದರು. ಸೈನ್ಸ್ ನನಗೇ ಉಳೀತು. ಅವರ ಜೀಪು ಹೋದ ಮೇಲೆ ಹೆಡ್ಮಾಸ್ಟರು ಮೆಲ್ಲಗೆ ಕೈ ಚಾಚಿದರು. "ಎಲ್ಲಿ, ಆ ಸ್ಲೈಡು ನನಗೂ ಒಂಚೂರು ಕೊಡಿ, ಕೇಳೋಣ."