ಮೌನ ಶಿಬಿರದ ಊಟದ ಗಂಟೆ

ನನಗೊಂದು ದೌರ್ಬಲ್ಯವಿದೆ. ಯಾರಾದರೂ ದೊಡ್ಡವರು ಹೆಗಲ ಮೇಲೆ ಕೈಯಿಟ್ಟು, "ಇದು ನಿಮ್ಮಿಂದಲೇ ಆಗಬೇಕು ಮೇಷ್ಟ್ರೇ" ಎಂದರೆ ಸಾಕು, ಅದು ಯಾವುದು ಎಂದು ಕೇಳುವ ಮೊದಲೇ ತಲೆ ಅಲ್ಲಾಡಿಸಿಬಿಡುತ್ತೇನೆ. ಹೀಗೆ ತಲೆ ಅಲ್ಲಾಡಿಸಿ ಮದ್ದೂರಿನ ಎಷ್ಟೋ ಮದುವೆಗಳಲ್ಲಿ ಉಗ್ರಾಣದ ಬೀಗದಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡಿದ್ದೇನೆ. ರಾಗದ ಗಂಧವಿಲ್ಲದಿದ್ದರೂ ಭಜನಾ ಮಂಡಳಿಯ ಅಧ್ಯಕ್ಷನಾಗಿದ್ದೇನೆ. ಈಜು ಬಾರದಿದ್ದರೂ ಮಕ್ಕಳನ್ನು ಶಿಂಷಾ ಹೊಳೆಗೆ ಈಜಲು ಕರೆದೊಯ್ದು, ದಡದ ಮೇಲೆ ಒಣ ಪಂಚೆಯುಟ್ಟು ನಿಂತು, ಕೈಕಾಲು ಹೇಗೆ ಬಡಿಯಬೇಕೆಂದು ಹೇಳಿಕೊಟ್ಟಿದ್ದೇನೆ. ಮುಂದಾಳಾಗಲು ಆ ವಿದ್ಯೆ ಗೊತ್ತಿರಬೇಕೆಂದೇನೂ ಇಲ್ಲ, ಗಂಟಲಿದ್ದರೆ ಸಾಕು ಎಂಬುದು ನನ್ನ ಅನುಭವ. ಆದರೆ ಗಂಟಲನ್ನು ಬಳಸಲೇಬಾರದು ಎನ್ನುವ ಮುಂದಾಳುತನ ಒಂದೇ ಒಂದು ಸಲ ನನ್ನ ಪಾಲಿಗೆ ಬಂತು. ಅದನ್ನು ಈಗ ಹೇಳುತ್ತೇನೆ.

ಯುದ್ಧದ ಕಾಲ. ಶಿವನಸಮುದ್ರದಲ್ಲಿ ವಿದ್ಯುತ್ತಿನ ಕೆಲಸದಿಂದ ನಿವೃತ್ತರಾದ ಎಂಜಿನಿಯರ್ ಸಾಹೇಬರೊಬ್ಬರು ಇದ್ದರು. ವಯಸ್ಸಾದ ಮೇಲೆ ಅವರಿಗೆ ಬುದ್ಧನ ವಿಚಾರ ಓದುವ ಹುಚ್ಚು ಹಿಡಿದಿತ್ತು. ಸಿಂಹಳದ ಕಡೆಯ ವೃದ್ಧ ಭಿಕ್ಷುಗಳೊಬ್ಬರು ಮೈಸೂರಿಗೆ ಬಂದಿದ್ದಾರೆಂದು ತಿಳಿದು, ಅವರನ್ನು ಬೇಡಿಕೊಂಡು ತಮ್ಮ ಬಂಗಲೆಗೆ ಕರೆತಂದರು. ಮೂರು ದಿನ ಅಲ್ಲಿ ಮೌನ ಶಿಬಿರ. ಮಳವಳ್ಳಿ, ಮದ್ದೂರು, ಚಿಕ್ಕರಸಿನಕೆರೆಯ ಕಡೆಯಿಂದ ಹನ್ನೆರಡು ಜನ ಬರುವುದೆಂದಾಯಿತು. ಮೊದಲು ಇಪ್ಪತ್ತಕ್ಕೂ ಹೆಚ್ಚು ಜನ ಹೂಂ ಎಂದಿದ್ದರು. ಎಲ್ಲರಿಗೂ ಒಂದೇ ಅಡಿಗೆ, ಒಂದೇ ಪಂಕ್ತಿ ಎಂದು ಸಾಹೇಬರು ಹೇಳಿದ ಮೇಲೆ ಕೆಲವರಿಗೆ ಅದೇ ವಾರ ಊರಿನಲ್ಲಿ ಬಹಳ ತುರ್ತಾದ ಕೆಲಸ ಬಂದುಬಿಟ್ಟಿತು. ನನಗೆ ಅಂಥ ಕೆಲಸ ಯಾವುದೂ ಬರಲಿಲ್ಲ. ನಾನು ಆಗಲೇ ತಲೆ ಅಲ್ಲಾಡಿಸಿ ಆಗಿತ್ತು.

ಶಿಬಿರ ನಡೆಸುವವನು ತಿಳಿದಿರಬೇಕಾದ್ದನ್ನೆಲ್ಲ ಸಾಹೇಬರು ನಾಲ್ಕು ಹಾಳೆ ಟೈಪು ಮಾಡಿಸಿ ನನ್ನ ಕೈಗೆ ಕೊಟ್ಟರು. ಯಂತ್ರಗಳ ನಡುವೆ ಬಾಳಿದವರಲ್ಲವೇ, ಮನುಷ್ಯರೂ ಕೀಲೆಣ್ಣೆ ಬಿಟ್ಟರೆ ತಿರುಗುತ್ತಾರೆಂದು ನಂಬಿದ್ದರು. ಗೊರಕೆ ಹೊಡೆಯುವವರನ್ನು ಒಂದು ಕೋಣೆಗೆ ಹಾಕಬೇಕು. ಸ್ನಾನದ ನೀರು ಎಲ್ಲಿ, ಪಾಯಿಖಾನೆ ಎಲ್ಲಿ ಎಂಬುದನ್ನು ಬಂದ ತಕ್ಷಣ ತೋರಿಸಬೇಕು, ಏಕೆಂದರೆ ಆಮೇಲೆ ಅವರು ಕೇಳುವಂತಿಲ್ಲ. ಭಿಕ್ಷುಗಳ ಹತ್ತಿರ ಜಾತಕ ತೋರಿಸಬಾರದು, ಹಸು ಯಾವಾಗ ಕರು ಹಾಕುತ್ತದೆಂದು ವಿಚಾರಿಸಬಾರದು. ಎಲ್ಲಕ್ಕಿಂತ ಮುಖ್ಯವಾದುದರ ಕೆಳಗೆ ಕೆಂಪು ಶಾಯಿಯಲ್ಲಿ ಗೆರೆ ಎಳೆದಿದ್ದರು. ಭಿಕ್ಷುಗಳಿಗೆ ದಿನಕ್ಕೆ ಊಟ ಒಂದೇ, ಅದೂ ನಡುಹಗಲಿನ ಒಳಗೆ. ಹನ್ನೆರಡು ಹೊಡೆದ ಮೇಲೆ ಮಾರನೆಯ ಬೆಳಗಿನವರೆಗೆ ಅವರು ಏನನ್ನೂ ತಿನ್ನುವುದಿಲ್ಲ. ಹಸಿವಾದರೂ ಬಾಯಿಬಿಟ್ಟು ಕೇಳುವುದಿಲ್ಲ. ಆದ್ದರಿಂದ ಹನ್ನೊಂದು ಗಂಟೆಗೆ ಸರಿಯಾಗಿ ಗಂಟೆ ಬಾರಿಸಬೇಕು. ಎಲ್ಲರೂ ಸದ್ದಿಲ್ಲದೆ ಎದ್ದು ಬಂದು ಒಂದೊಂದು ಸೌಟು ಅವರ ಪಾತ್ರೆಗೆ ಬಡಿಸಿ, ಆಮೇಲೆ ತಾವು ಊಟಕ್ಕೆ ಕೂರಬೇಕು. ಓದುವಾಗ ಇದರಲ್ಲಿ ತಪ್ಪಾಗುವುದಕ್ಕೆ ಎಲ್ಲಿಯೂ ಜಾಗವೇ ಇಲ್ಲವೆಂದು ನನಗೆ ತೋರಿತು.

ಮೊದಲ ದಿನ ಸಾಹೇಬರೇ ಇದ್ದರು. ಮೌನ ಶುರುವಾಗುವುದು ಸಂಜೆಗೆ. ಆದ್ದರಿಂದ ಹನ್ನೊಂದರ ಊಟಕ್ಕೆ ಅವರೇ ಬಾಗಿಲಲ್ಲಿ ನಿಂತು ಕೈ ಬೀಸಿ ಎಲ್ಲರನ್ನೂ ಕರೆದು ಕೂರಿಸಿದರು. ಅಡಿಗೆ ಕೆಂಪಕ್ಕನದು. ಕೆಂಪಕ್ಕ ಚಿಕ್ಕರಸಿನಕೆರೆಯ ಸಿದ್ದೇಗೌಡರ ಅಕ್ಕ. ಶಿಬಿರಕ್ಕೆ ಬಂದವರಲ್ಲಿ ಗೌಡರೇ ಹಿರಿಯರು, ಅವರನ್ನು ಗದರಿಸುವ ಹಕ್ಕಿದ್ದವರು ಈ ಅಕ್ಕ ಒಬ್ಬರೇ. ಆ ದಿನ ಭಿಕ್ಷುಗಳ ಪಾತ್ರೆಗೆ ರಾಗಿಮುದ್ದೆ ಬಿತ್ತು. ಮುದ್ದೆಯನ್ನು ನುಂಗಬೇಕೆಂದು ಅವರಿಗೆ ಹೇಳುವವರು ಯಾರು? ಅವರು ಅದನ್ನು ಅಗಿದರು. ಕಣ್ಣು ಅರೆಮುಚ್ಚಿ, ಒಂದೊಂದು ತುತ್ತನ್ನೂ ಬಹಳ ಹೊತ್ತು, ಸ್ವಲ್ಪವೂ ಮುಖ ಸಿಂಡರಿಸದೆ ಅಗಿದರು. ನಾವು ಅದೊಂದು ಬಗೆಯ ಧ್ಯಾನವೆಂದು ತಿಳಿದು ಭಕ್ತಿಯಿಂದ ನೋಡುತ್ತ ಕುಳಿತೆವು. ಕೆಂಪಕ್ಕನಿಗೆ ಮಾತ್ರ ಕರುಳು ಚುರುಕ್ ಎಂದಿತು. ಶಿವನಸಮುದ್ರದ ರಂಗನಾಥಸ್ವಾಮಿಗೆ ಒಪ್ಪಿಸಲೆಂದು ಊರಿನಿಂದ ಸಣ್ಣಕ್ಕಿಯ ಗಂಟೊಂದನ್ನು ತಂದಿದ್ದರು. ಅಕ್ಕಿ ಕಣ್ಣಿಗೆ ಬೀಳುವುದೇ ಅಪರೂಪವಾಗಿದ್ದ ಆ ದಿನಗಳಲ್ಲಿ ಅದನ್ನು ಬಿಚ್ಚಿ ಒಲೆಯ ಪಕ್ಕದಲ್ಲಿಟ್ಟು, "ರಂಗಪ್ಪ ಏನೂ ಬೇಜಾರ್ ಮಾಡ್ಕಳಲ್ಲ. ನಾಳಿಕೆ ಈ ಸ್ವಾಮಿಗೆ ಅನ್ನ ಮಾಡ್ತೀನಿ" ಎಂದರು.

ಸಂಜೆ ಸಾಹೇಬರಿಗೆ ತಂತಿ ಬಂತು. ಮೈಸೂರಿನಲ್ಲಿ ಮಗಳಿಗೆ ಹೆರಿಗೆ. ಹೊರಡುವಾಗ ನನ್ನ ಹೆಗಲ ಮೇಲೆ ಕೈಯಿಟ್ಟರು. ಏನಾಯಿತೆಂದು ನಿಮಗೆ ಗೊತ್ತೇ ಇದೆ.

ಎರಡನೆಯ ದಿನ ಬೆಳಿಗ್ಗೆ ಎಲ್ಲರೂ ಗಂಜಿ ಕುಡಿದು ಹಜಾರದಲ್ಲಿ ಕುಳಿತರು. ನಾನು ನೋಡಿದ ಜನಗಳಲ್ಲೆಲ್ಲ ಬಾಯಿ ಜೋರಾದವರು ನಮ್ಮ ಕಡೆಯವರು. ಇಬ್ಬರು ಬಸ್ಸಿಗೆ ಕಾಯುತ್ತ ನಿಂತು ಪ್ರೀತಿಯಿಂದ ಮಾತಾಡುತ್ತಿದ್ದರೂ ದಾರಿಹೋಕರು ಜಗಳ ಬಿಡಿಸಲು ಬರುತ್ತಾರೆ. ಅಂಥ ಹನ್ನೆರಡು ಬಾಯಿಗಳು ಮುಚ್ಚಿದ್ದವು. ದೂರದಲ್ಲಿ ಕಾವೇರಿ ಬೀಳುವ ಸದ್ದು ಎಷ್ಟೋ ವರ್ಷಗಳಿಂದ ಇದ್ದರೂ ನನಗೆ ಕೇಳಿಸಿದ್ದು ಅವತ್ತೇ. ನಡುವೆ ಭಿಕ್ಷುಗಳು ಹಳದಿ ಬಟ್ಟೆ ಹೊದ್ದು ಕುಳಿತಿದ್ದರು. ಮುಖದಲ್ಲಿ ಸಂತೋಷವೂ ಇಲ್ಲ, ದುಃಖವೂ ಇಲ್ಲ. ಏನೋ ಒಂದು ದೊಡ್ಡ ತಂಪು ಇತ್ತು.

ಹನ್ನೊಂದಕ್ಕೆ ಸರಿಯಾಗಿ ಗಂಟೆ ಬಾರಿಸಿದೆ. ಯಾರೂ ಅಲುಗಾಡಲಿಲ್ಲ. ಇನ್ನೊಂದು ಸಲ ಬಾರಿಸಿದೆ. ಸಿದ್ದೇಗೌಡರ ಮೀಸೆ ಸ್ವಲ್ಪ ಮಿಸುಕಿದಂತಾಯಿತು, ಅಷ್ಟೇ. ಮಳವಳ್ಳಿಯ ಪೋಸ್ಟ್‌ಮಾಸ್ಟರು ಕಣ್ಣುಮುಚ್ಚಿ ಕಲ್ಲಿನಂತೆ ಕುಳಿತೇ ಇದ್ದರು. ಆಗ ನನಗೆ ಹೊಳೆಯಿತು. ಇವರೆಲ್ಲ ಸಮಾಧಿಗೆ ಇಳಿದುಬಿಟ್ಟಿದ್ದಾರೆ! ಗದ್ದೆಯ ತೂಬಿನ ನೀರಿಗಾಗಿ ಮೊನ್ನೆಯವರೆಗೆ ಕೋರ್ಟಿಗೆ ಅಲೆಯುತ್ತಿದ್ದವರು ಒಂದೇ ದಿನದಲ್ಲಿ ಹಸಿವು ಗೆದ್ದಿದ್ದಾರೆ. ಅದೂ ನನ್ನ ಮುಂದಾಳುತನದಲ್ಲಿ. ಗಂಟೆಯ ನಾಲಿಗೆಯನ್ನು ಬೆರಳಲ್ಲಿ ಹಿಡಿದುಕೊಂಡು ತುದಿಗಾಲಲ್ಲಿ ನಿಂತೆ. ಕಣ್ಣಲ್ಲಿ ನೀರು ಬಂತು. ಅಡಿಗೆಮನೆಯಿಂದ ಕೆಂಪಕ್ಕ ಇಣುಕಿ ಕೈಯಲ್ಲೇ ಏನು ಎಂದು ಕೇಳಿದರು. ನಾನು ಬೆರಳನ್ನು ತುಟಿಗೆ ಒತ್ತಿ, ಒಳಗೆ ಹೋಗಿ ಎಂದು ಸನ್ನೆ ಮಾಡಿದೆ. ಅಂಥ ಹೊತ್ತಿನಲ್ಲಿ ಅನ್ನದ ಮಾತೆತ್ತುವುದು ಪಾಪವೆಂದು ನನಗೆ ಅನ್ನಿಸಿತ್ತು. ಕೆಂಪು ಶಾಯಿಯ ಗೆರೆ ಪೂರ್ತಿ ಮರೆತುಹೋಗಿತ್ತು.

ಪವರ್‌ಹೌಸಿನ ಕಡೆಯಿಂದ ಹನ್ನೆರಡರ ಕೂಗು ಕೇಳಿತು. ಭಿಕ್ಷುಗಳು ಕಣ್ಣು ತೆರೆದರು. ಮುಂದಿದ್ದ ಖಾಲಿ ಪಾತ್ರೆಯನ್ನು ಎತ್ತಿಕೊಂಡು, ಶುಭ್ರವಾಗಿದ್ದ ಅದನ್ನು ಮತ್ತೊಮ್ಮೆ ಬಟ್ಟೆಯಿಂದ ಒರೆಸಿ, ಚೀಲದೊಳಗಿಟ್ಟು ಮುಚ್ಚಿದರು. ಒಂದು ನಿಟ್ಟುಸಿರಿಲ್ಲ, ನನ್ನ ಕಡೆ ಒಂದು ನೋಟವಿಲ್ಲ. ಮತ್ತೆ ಕಣ್ಣು ಮುಚ್ಚಿದರು. ಕೆಂಪು ಶಾಯಿಯ ಗೆರೆ ನನಗೆ ಆಗ ನೆನಪಾಯಿತು. ಸಿದ್ದೇಗೌಡರನ್ನು ಭುಜ ಹಿಡಿದು ಜಗಲಿಗೆ ಎಳೆದುಕೊಂಡು ಹೋಗಿ, ಗಂಟೆ ಕೇಳಿಸಲಿಲ್ಲವೇ, ಏಕೆ ಏಳಲಿಲ್ಲ ಎಂದು ಪಿಸುದನಿಯಲ್ಲಿ ಕೇಳಿದೆ.

ಗೌಡರು ಮೌನವನ್ನು ಬಿಚ್ಚಿ ಪಕ್ಕಕ್ಕಿಟ್ಟರು. "ಯಾರು ಕರುದ್ರು ಮೇಷ್ಟ್ರೇ? ಗಂಟೆ ಬಡುದ್ರಿ, ಸರಿ. ಉಣ್ಣಕ್ಕೆ ಏಳ್ರಪ್ಪಾ ಅಂತ ಒಬ್ರಾದ್ರೂ ಅಂದ್ರಾ? ಗಂಟೆ ಬಡುದೇಟ್ಗೆ ಎದ್ದೋಗಿ ಎಲೆ ಮುಂದೆ ಕುಂತ್ಕಳಕ್ಕೆ ನಾವೇನು ಇಸ್ಕೂಲ್ ಐಕ್ಳಾ?"

ನಿಜ. ನಮ್ಮ ಸೀಮೆಯಲ್ಲಿ ಹಸಿವಿನಿಂದ ಕಣ್ಣು ಕತ್ತಲೆ ಬಂದರೂ ಕರೆಯದೆ ಊಟಕ್ಕೆ ಏಳುವವನನ್ನು ಮನುಷ್ಯರ ಸಾಲಿಗೆ ಸೇರಿಸುವುದಿಲ್ಲ. ಒಂದು ಸಲ ಕರೆದರೂ ಏಳಬಾರದು, ಎರಡನೆಯ ಸಲಕ್ಕೆ ಮಿಸುಕಬೇಕು, ಮೂರನೆಯದಕ್ಕೆ ಏಳಬೇಕು. ಇದನ್ನು ನಾನು ಹುಟ್ಟಿದಾಗಿನಿಂದ ಬಲ್ಲೆ. ನನ್ನ ತಂಗಿಯ ಮದುವೆಯಲ್ಲಿ ಬೀಗರ ಕಡೆಯ ಮುದುಕರೊಬ್ಬರು ಕರೆಯಲಿಲ್ಲವೆಂದು ಚಪ್ಪರದ ಕಂಬಕ್ಕೆ ಒರಗಿ ಸಂಜೆಯವರೆಗೆ ಕುಳಿತಿದ್ದರು. ಮೂವತ್ತು ವರ್ಷದ ತಿಳಿವಳಿಕೆಯನ್ನು ನಾಲ್ಕು ಹಾಳೆ ಟೈಪು ಕಾಗದ ಒರೆಸಿಹಾಕಿತ್ತು. ಸಮಾಧಿಯೆಂದು ನಾನು ಕಣ್ಣೀರಿಟ್ಟದ್ದು ಬರಿಯ ಮರ್ಯಾದೆ.

ಕೆಂಪಕ್ಕ ಅನ್ನದ ತಪ್ಪಲೆಯ ಮುಂದೆ ಕುಳಿತಿದ್ದರು. ಬಿಳಿಯ ಹೂವಿನಂತೆ ಅರಳಿದ್ದ ಅನ್ನ ಆರಿಹೋಗಿತ್ತು. ನಡೆದದ್ದನ್ನು ಹೇಳಿ, ಉಳಿದವರಾದರೂ ಊಟ ಮಾಡಲಿ ಎಂದೆ. "ಆ ಮುದುಕಪ್ಪ ಉಣ್ದೆ ಕುಂತವ್ರೆ. ನಾವ್ ಉಂಡ್ರೆ ಗಂಟ್ಲಲ್ಲಿ ಇಳಿದದಾ?" ಎಂದಷ್ಟೇ ಹೇಳಿ ತಪ್ಪಲೆಯ ಮೇಲೆ ತಟ್ಟೆ ಮುಚ್ಚಿದರು. ಆ ಮಾತು ಹಜಾರಕ್ಕೆ ಹೇಗೆ ಹೋಯಿತೋ ತಿಳಿಯದು. ಹನ್ನೆರಡು ಜನರಲ್ಲಿ ಒಬ್ಬರೂ ಏಳಲಿಲ್ಲ. ಭಿಕ್ಷುಗಳು ಉಂಡ ಮೇಲೆಯೇ ತಮ್ಮ ಊಟ ಎಂದು ಯಾರೂ ಯಾರಿಗೂ ಹೇಳಲಿಲ್ಲ, ಎಲ್ಲರೂ ಹಾಗೆಯೇ ನಿಶ್ಚಯಿಸಿದ್ದರು. ಮಾಡಿದ ಅಡಿಗೆ ಕಾಲುವೆಯ ಕೆಲಸದವರ ಮನೆಗಳಿಗೆ ಹೋಯಿತು. ಮಧ್ಯಾಹ್ನದ ಧ್ಯಾನಕ್ಕೆ ಎಲ್ಲರೂ ಕುಳಿತರು. ಬೆಳಗಿನ ಮೌನಕ್ಕೂ ಇದಕ್ಕೂ ಅಜಗಜಾಂತರ. ಈಗ ಯಾರೂ ಯಾರ ಕರೆಗೂ ಕಾಯುತ್ತಿರಲಿಲ್ಲ. ಒಬ್ಬ ಮುದುಕರ ಹಸಿವನ್ನು ಹನ್ನೆರಡು ಜನ ಸದ್ದಿಲ್ಲದೆ ಹಂಚಿಕೊಂಡಿದ್ದರು. ನಾನು ಜೀವನದಲ್ಲಿ ಅಷ್ಟು ದೊಡ್ಡದನ್ನು ಮತ್ತೆ ನೋಡಿಲ್ಲ.

ಆ ಮಹಾಮೌನದ ನಡುವೆ ನನಗೆ ತೇಗು ಬಂತು. ಸಣ್ಣಪುಟ್ಟದ್ದಲ್ಲ. ಹುರುಳಿಕಾಳಿನ ಸಾರಿನಲ್ಲಿ ಒಂದು ಮುದ್ದೆಯನ್ನು ಚೆನ್ನಾಗಿ ಅದ್ದಿ ಉಂಡವನಿಗೆ ಮಾತ್ರ ಬರುವಂಥದ್ದು. ಬೆಳಿಗ್ಗೆ ಹತ್ತೂವರೆಗೆ ನಾನು ಉಪ್ಪು ನೋಡಲು ಅಡಿಗೆಮನೆಗೆ ಹೋಗಿದ್ದೆ. ಮುಂದಾಳಿನ ಕರ್ತವ್ಯವೆಂದು ಅಂಗೈಯಲ್ಲಿ ಎರಡು ಹನಿ ಸಾರು ಹಾಕಿಸಿಕೊಂಡೆ, ಸಾಲಲಿಲ್ಲ, ಖಾರ ತಿಳಿಯಲು ಒಂದು ತುತ್ತು ಮುದ್ದೆ ಬೇಕಾಯಿತು, ಆಮೇಲೆ ಏನಾಯಿತೆಂದು ವಿವರಿಸುವುದು ಬೇಡ. ಹಜಾರದ ಗೋಡೆಗಳು ಆ ತೇಗನ್ನು ಹಿಂತಿರುಗಿಸಿ ಇನ್ನೊಮ್ಮೆ ಕೇಳಿಸಿದವು. ಯಾರೂ ನಗಲಿಲ್ಲ. ಯಾರೂ ಕಣ್ಣು ಬಿಡಲಿಲ್ಲ. ಎಂಥ ಮಾತನ್ನೂ ಮುಖಕ್ಕೆ ಹೊಡೆದಂತೆ ಆಡುವ ಜನ ಅದನ್ನು ಕೇಳಿಯೂ ಕೇಳದವರಂತೆ ಕುಳಿತದ್ದು ನನಗೆ ಎರಡು ಏಟು ಬಿದ್ದದ್ದಕ್ಕಿಂತ ಹೆಚ್ಚಾಯಿತು.

ಮಾರನೆಯ ಬೆಳಿಗ್ಗೆ ಗಂಜಿಯ ಲೋಟವನ್ನು ಪಕ್ಕಕ್ಕೆ ಸರಿಸಿದೆ. ಅಂದು ಇಡೀ ದಿನ ಉಪವಾಸವೆಂದು ನಿರ್ಧಾರ ಮಾಡಿದ್ದೆ. ಹನ್ನೊಂದಕ್ಕೆ ಗಂಟೆಯನ್ನು ಮುಟ್ಟಲಿಲ್ಲ. ಹಜಾರದ ಬಾಗಿಲಲ್ಲಿ ಕೈಮುಗಿದು ನಿಂತು ಗಂಟಲು ಬಿಚ್ಚಿದೆ. ಸಿದ್ದೇಗೌಡರೇ, ಏಳಿ, ಊಟಕ್ಕೆ ಏಳಿ. ಪೋಸ್ಟ್‌ಮಾಸ್ಟರೇ, ಏಳಿ, ಊಟಕ್ಕೆ ಏಳಿ. ಹೀಗೆ ಒಬ್ಬೊಬ್ಬರನ್ನೂ ಹೆಸರು ಹಿಡಿದು, ಮೂರು ಮೂರು ಸಲ ಕರೆದೆ. ಎಲ್ಲರೂ ಎದ್ದರು. ಗಂಟಿನಲ್ಲಿ ಉಳಿದಿದ್ದ ಸಣ್ಣಕ್ಕಿಯಿಂದ ಮಾಡಿದ ಬಿಸಿ ಅನ್ನ ಒಂದೊಂದೇ ಸೌಟಾಗಿ ಭಿಕ್ಷುಗಳ ಪಾತ್ರೆಗೆ ಬಿತ್ತು. ನಾನು ಹೊರಗೆ ಬಂದು ಮೆಟ್ಟಿಲ ಮೇಲೆ ಬೆನ್ನು ತಿರುಗಿಸಿ ಕುಳಿತೆ.

ಹಿಂದೆ ಯಾರೋ ನಿಂತಂತಾಯಿತು. ನೋಡಿದರೆ ಭಿಕ್ಷುಗಳು. ಎರಡು ಕೈಯಲ್ಲೂ ತುಂಬಿದ ಪಾತ್ರೆ. ಇನ್ನೂ ಒಂದು ಅಗುಳನ್ನೂ ಮುಟ್ಟಿರಲಿಲ್ಲ. ಕನ್ನಡ ಒಂದಕ್ಷರವೂ ಬಾರದವರು ನನ್ನ ಬಾಯಿಂದ ಅಷ್ಟು ಸಲ ಕೇಳಿ ಕಲಿತ ಮಾತನ್ನು ನಿಧಾನವಾಗಿ ಹೇಳಿದರು. "ಏಳಿ. ಊಟಕ್ಕೆ ಏಳಿ."

ನಾನು ತಲೆ ಅಲ್ಲಾಡಿಸಿದೆ. ಆಯುಷ್ಯದಲ್ಲಿ ಮೊದಲ ಬಾರಿಗೆ ಬೇಡವೆಂದು ಅಲ್ಲಾಡಿಸಿದ್ದು. ಅವರು ಅಲ್ಲಿಯೇ ನಿಂತರು. ಇನ್ನೊಮ್ಮೆ ಕರೆದರು. ಪಾತ್ರೆಯಿಂದ ಹಬೆ ಏಳುತ್ತಿತ್ತು, ಬಿಸಿಲು ನೆತ್ತಿಗೆ ಏರುತ್ತಿತ್ತು. ನಾನು ಪ್ರಾಯಶ್ಚಿತ್ತ ಮುಗಿಸುತ್ತ ಕುಳಿತರೆ ಇವರ ಇವತ್ತಿನ ಊಟವೂ ಹೋಗುತ್ತದೆ. ಮೂರನೆಯ ಸಲಕ್ಕೆ ಎದ್ದೆ. ಒಳಗೆ ಹೋಗಿ ಪಂಕ್ತಿಯ ಕೊನೆಯಲ್ಲಿ ಕುಳಿತಾಗ ಭಿಕ್ಷುಗಳು ಮೊದಲ ತುತ್ತು ಎತ್ತಿದರು, ಅವರ ಹಿಂದೆ ಹನ್ನೆರಡು ಕೈಗಳೂ ಎದ್ದವು. ಕೆಂಪಕ್ಕ ನನ್ನ ಎಲೆಗೆ ಮುದ್ದೆ ಇಟ್ಟು, ಸಾರು ಬಿಟ್ಟು, ಬಗ್ಗಿ ಮೆಲ್ಲಗೆ ಹೇಳಿದರು. "ಇವತ್ತು ಯಾರೂ ಉಪ್ಪು ನೋಡಿಲ್ಲ ಮೇಷ್ಟ್ರೇ. ಎಂಗದೆ ನೋಡೇಳಿ."

ಸರಿಯಾಗಿದೆ ಎನ್ನಬೇಕೆಂದು ಬಾಯಿ ತೆರೆದೆ. ತೆರೆದ ಬಾಯಿಗೆ ಮಾತಿನ ಬದಲು ತುತ್ತು ಇಟ್ಟುಕೊಂಡೆ. ಮುದ್ದೆ ಗಂಟಲಲ್ಲಿ ಸಲೀಸಾಗಿ ಇಳಿಯಿತು. ಎರಡನೆಯದಕ್ಕೆ ಕೈ ಒಡ್ಡಿದೆ.