ಇದು ಯಾರಿಗೆ ಬೇಕಾಗಿ ಉರಿಯುವುದು?

ಜನಾರ್ದನ ಮಾಷ್ಟ್ರ ಮೊಣಕಾಲು ನೋವಿಗೂ ಚೀನಾ ದೇಶಕ್ಕೂ ಯಾವ ಸಂಬಂಧವೂ ಇರಲಿಲ್ಲ, ಮುಳ್ಳೇರಿಯದ ಪೇಟೆಯಲ್ಲಿ ಆ ಅಂಗಡಿ ಬಾಗಿಲು ತೆರೆಯುವವರೆಗೆ. ಅಲ್ಲಿ ಸಿಗದ ವಸ್ತುವಿಲ್ಲ. ಸಿಕ್ಕಿದ್ದರಲ್ಲಿ ಚೀನಾದ್ದಲ್ಲದ್ದೂ ಇಲ್ಲ. ಮಾಷ್ಟ್ರು ಅಲ್ಲಿಂದ ತಂದದ್ದು ಒಂದು ದಿವ್ಯಾಸ್ತ್ರ: ಅಂಗೈಯಷ್ಟು ದೊಡ್ಡ ರಿಮೋಟು. ಅದರ ಗುಂಡಿ ಒತ್ತಿದರೆ ಚಾವಡಿಯ ದೀಪ, ಫ್ಯಾನು, ಊಟದ ಕೋಣೆಯ ದೀಪ, ಕೊನೆಗೆ ಗುಡ್ಡದ ಬುಡದ ನೀರಿನ ಪಂಪು ಕೂಡ ಕುಳಿತಲ್ಲಿಂದಲೇ ಆಜ್ಞೆ ಪಾಲಿಸುತ್ತವೆ. (ಹಿಂದಿನ ವರ್ಷ ಗಡಿಯಲ್ಲಿ ಸೈನಿಕರು ಎದುರುಬದುರು ನಿಂತಿದ್ದಾಗ ‘ಚೀನಾದ ಮಾಲು ಮುಟ್ಟಬೇಡಿ’ ಎಂಬ ಸಂದೇಶವನ್ನು ಶಾಲೆಯ ವಾಟ್ಸಾಪ್ ಗುಂಪಿಗೆಲ್ಲ ಹಂಚಿದವರು ಇದೇ ಮಾಷ್ಟ್ರು. ಹಂಚಿದ ಫೋನು ಎಲ್ಲಿಯದೆಂದು ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ.)

ಹಳೆಯ ಕರಿ ಸ್ವಿಚ್ಚುಗಳನ್ನೆಲ್ಲ ಕೀಳಿಸಿ ಗುಜರಿಯವನಿಗೆ ಕೊಟ್ಟಾಯಿತು. ಉಗ್ರಾಣದ ಬಾಗಿಲಿಗೆ ಮಾತ್ರ ಹೆಂಡತಿ ವಸುಮತಿ ಅಡ್ಡ ನಿಂತಳು.

“ಇದಕ್ಕೆ ಕೈ ಹಾಕಬೇಡಿ. ಉಪ್ಪಿನಕಾಯಿ ಭರಣಿಗೆ ರಿಮೋಟು ಬೇಡ.”

“ಎಲ್ಲ ಒಂದೇ ಮಾದರಿ ಇರಲಿ ಅಂತ ಹೇಳಿದ್ದು ಮಾರಾಯ್ತಿ.”

“ಅತ್ತೆ ಇದ್ದಿದ್ದರೆ ಇದನ್ನೆಲ್ಲ ಒಳಗೆ ತರುವ ಧೈರ್ಯ ಇರ್ತಿತ್ತಾ ನಿಮಗೆ?”

ಇರುತ್ತಿರಲಿಲ್ಲ. ಉಗ್ರಾಣದ ಕರಿ ಸ್ವಿಚ್ಚು ಹಾಗೇ ಉಳಿಯಿತು. ಮಾಷ್ಟ್ರ ತಾಯಿ ತೀರಿಹೋಗಿ ವರ್ಷ ತುಂಬುತ್ತ ಬಂದಿತ್ತು. ಆ ಹಿರಿಯ ಜೀವದ ಮುಖ್ಯ ಕಸುಬೇ ದೀಪ ಆರಿಸುವುದು. “ಇದು ಯಾರಿಗೆ ಬೇಕಾಗಿ ಉರಿಯುವುದು?” ಎಂದು ಕೇಳುತ್ತ, ಗೋಡೆ ಹಿಡಿದುಕೊಂಡು ಬಂದು, ಟಪ್ ಎಂದು ಆರಿಸಿ ಹೋಗುವರು. ದೀಪದ ಅಡಿಯಲ್ಲಿ ಕೂತು ಉತ್ತರಪತ್ರಿಕೆ ತಿದ್ದುವ ಮಗ ಅವರ ಲೆಕ್ಕಕ್ಕೆ ಬರುತ್ತಿರಲಿಲ್ಲ.

ಅವರದ್ದೇ ಇನ್ನೊಂದು ಕಾನೂನೂ ಇತ್ತು. ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದಿಂದ ಸಣ್ಣಗೆ ಇಳಿಯುವ ನೀರು ಒಂದು ಟಾಂಕಿಗೆ ಬೀಳುತ್ತದೆ. ಈಚೆ ಮನೆಯ ಮಾಷ್ಟ್ರಿಗೂ ಬೇಲಿಯಾಚೆಯ ಅಣ್ಣ ಮಹಾಗಣಪತಿಗೂ ಕುಡಿಯಲಿಕ್ಕೆ, ಮೀಯಲಿಕ್ಕೆ ಅದೇ ನೀರು. ಪಂಪು ಮಾತ್ರ ಬೇರೆ ಬೇರೆ. “ಬೆಳಿಗ್ಗೆ ಅಣ್ಣನಿಗೆ, ಸಂಜೆ ತಮ್ಮನಿಗೆ” ಎಂದಿದ್ದರು ಅಮ್ಮ. ಅವರು ಹೋದ ಮೇಲೆ ಬೇಸಗೆ ಏರಿದ ಹಾಗೆ ಆಚೆ ಮನೆಯ ಬೆಳಗು ಮಧ್ಯಾಹ್ನದವರೆಗೆ ಬೆಳೆಯಿತು. ಈಚೆ ಮನೆಯ ಸಂಜೆ ಊಟವಾದ ಕೂಡಲೇ ಶುರುವಾಗತೊಡಗಿತು. ಕೊನೆಗೆ ಮಾತು ನಿಂತಿತು. ಅಮ್ಮನ ವರ್ಷಾಂತದ ತಿಥಿ ಯಾರ ಮನೆಯಲ್ಲಿ ಎಂಬುದೂ ತೀರ್ಮಾನವಾಗದೆ ಉಳಿಯಿತು.

ಹೀಗಿರುವಾಗ ಒಂದು ಮುಸ್ಸಂಜೆ ಮಾಷ್ಟ್ರು ಚಾವಡಿಯಲ್ಲಿ ಚಹಾದ ಲೋಟ ಹಿಡಿದು ಕೂತು, ನಿತ್ಯದ ಅಷ್ಟೋತ್ತರ ಆರಂಭಿಸಿದರು.

“ಇವತ್ತೂ ಟಾಂಕಿ ಖಾಲಿ. ಅಣ್ಣನಂತೆ ಅಣ್ಣ. ಅವ ಮನುಷ್ಯನಾ…”

ಟಿಕ್.

ದೀಪ ಹೋಯಿತು. ತಿರುಗುತ್ತಿದ್ದ ಫ್ಯಾನು, ಯಾರೋ ಕೈ ಅಡ್ಡ ಹಿಡಿದ ಹಾಗೆ, ನಿಧಾನವಾಗಿ ನಿಂತಿತು. ಕರೆಂಟು ಹೋದದ್ದಲ್ಲ, ಊಟದ ಕೋಣೆಯ ದೀಪ ಉರಿಯುತ್ತಲೇ ಇತ್ತು. ರಿಮೋಟು ಮಾಷ್ಟ್ರ ಮಡಿಲಲ್ಲೇ, ಯಾರೂ ಮುಟ್ಟದೆ ಬಿದ್ದಿತ್ತು. ಆ ಮೌನದಲ್ಲಿ ಗುಡ್ಡದ ಬುಡದಿಂದ ಪಂಪು ತಾನಾಗಿ ಎದ್ದ ಸದ್ದು ಕೇಳಿತು. ನೀರಿಲ್ಲದ ಟಾಂಕಿಯಿಂದ ಅದು ಗಾಳಿ ಎಳೆಯುತ್ತಿತ್ತು. ಕಫ ಕಟ್ಟಿದ ಎದೆಯಿಂದ ಉಸಿರೆಳೆದಂಥ ಆ ಸದ್ದನ್ನು ಮಾಷ್ಟ್ರು ಹಿಂದೆ ಕೇಳಿದ್ದರು, ಅಮ್ಮನ ಕೊನೆಯ ದಿನಗಳಲ್ಲಿ.

ಮರುದಿನ ಅಂಗಡಿಗೆ ಫೋನು ಮಾಡಿದರು.

“ಅದು ಚೀನಾದ್ದಲ್ವಾ ಮಾಷ್ಟ್ರೇ. ಅಂಟು ಹಾಕಿ ಮುಚ್ಚಿದ್ದು, ಬಿಚ್ಚಲಿಕ್ಕಾಗುವುದಿಲ್ಲ. ಇನ್ನೊಂದು ಕಂಟೇನರ್ ಬಂದರೆ ಬದಲಿಸುವ.”

“ಯಾವಾಗ ಬರುವುದು?”

“ಅದು ಅವರಿಗೆ ಗೊತ್ತು.”

ಮತ್ತೆ ಸ್ವಿಚ್ಚು ಇಡಬೇಕಾದರೆ ಗೋಡೆ ಒಡೆದು ಹೊಸ ವಯರು ಎಳೆಯಬೇಕು ಎಂದ ಕರೆಂಟು ಕೆಲಸದವನು. ಹೀಗೆ, ಕುಡಿಯುವ ನೀರಿಗೂ ಉಣ್ಣುವ ಬೆಳಕಿಗೂ ಮಾಷ್ಟ್ರು ಸಮುದ್ರದಾಚೆಯ ಯಾವುದೋ ಕಾರ್ಖಾನೆಯ ದಾರಿ ನೋಡುತ್ತ ಕೂರುವಂತಾಯಿತು.

ಬೆವರು ತಂದದ್ದು ಇದಲ್ಲ. ದೀಪ ಸುಮ್ಮಸುಮ್ಮನೆ ಆರುತ್ತಿರಲಿಲ್ಲ. ಅಣ್ಣನನ್ನು ಬೈದಾಗ ಆರುತ್ತಿತ್ತು. ಮಾಷ್ಟ್ರು ವಿಜ್ಞಾನ ಕಲಿಸುವವರು, ಪ್ರಯೋಗ ಮಾಡಿ ನೋಡಿದರು. “ಮಹಾಗಣಪತಿ ಒಳ್ಳೆಯವ” ಎಂದರು. ದೀಪ ಕದಲಲಿಲ್ಲ. “ಒಳ್ಳೆಯವ, ಆದರೆ ನೀರುಕಳ್ಳ” ಎಂದರು. ಟಿಕ್.

“ವಸುಮತೀ,” ಎಂದರು ಕತ್ತಲಲ್ಲಿ, “ಇದು ಎಂತದು?”

ಒಳಗಿಂದ ಬಂದ ಉತ್ತರ ತಣ್ಣಗಿತ್ತು. “ನಂಗೆ ಎಂತ ಗೊತ್ತುಂಟು? ಈ ಮನೆಯಲ್ಲಿ ದೀಪ ಆರಿಸುವ ಅಭ್ಯಾಸ ಯಾರಿಗೆ ಇದ್ದದ್ದು, ನೀವೇ ನೆನಪು ಮಾಡಿ.”

ಮಾಷ್ಟ್ರು ನೆನಪು ಮಾಡಿದರು. ಮಾಡಿದ ಮೇಲೆ ಆ ಚಾವಡಿಯಲ್ಲಿ ಒಬ್ಬರೇ ಕೂರಲಾಗಲಿಲ್ಲ. ಮೊಣಕಾಲಿನ ನೋವು ಎಲ್ಲಿ ಹೋಯಿತೋ, ಎದ್ದು ಟಾಂಕಿಯ ಕಡೆಗೆ ನಡೆದರು. ಅಲ್ಲಿ ಮಬ್ಬುಗತ್ತಲಲ್ಲಿ ಒಂದು ಬೆಳಕು ಹತ್ತುತ್ತಿತ್ತು, ಆರುತ್ತಿತ್ತು. ಮಾಷ್ಟ್ರು ಒಂದು ಹೆಜ್ಜೆ ಹಿಂದೆ ಸರಿದರು. ಬೆಳಕಿನ ಹಿಂದೆ ಅಣ್ಣ ಮಹಾಗಣಪತಿ ಟಾರ್ಚಿನ ತಲೆಗೆ ಬಡಿಯುತ್ತ ನಿಂತಿದ್ದರು. (ಟಾರ್ಚೂ ಅದೇ ಅಂಗಡಿಯದು.)

“ಯಾರದು?”

“ನಾನು, ಅಣ್ಣಾ.”

ಮಹಾಗಣಪತಿ ದನಿ ಇಳಿಸಿ ಕೇಳಿದರು. “ನಿನ್ನಲ್ಲಿಯೂ ಉಂಟಾ?”

“ದೀಪವಾ?”

“ದೀಪ, ಫ್ಯಾನು, ಪಂಪು, ಎಲ್ಲ. ನಿನ್ನೆ ನಿನ್ನನ್ನು ಎರಡು ಮಾತು ಬೈದೆ ಮಾರಾಯ. ಕಣ್ಣು ಕತ್ತಲೆ ಬಂತು ಅಂತ ಎಣಿಸಿದೆ. ನೋಡಿದರೆ ಮನೆಯೇ ಕತ್ತಲೆ. ನಿನ್ನ ಅತ್ತಿಗೆ ಅಮ್ಮನ ಫೋಟೋಕ್ಕೆ ಕೈ ಮುಗಿದಳು.”

ಇಬ್ಬರೂ ಟಾಂಕಿಯ ನೀರು ಮುಟ್ಟಿ ಮಾತು ಕೊಟ್ಟರು. ಬೆಳಿಗ್ಗೆ ಅಣ್ಣನಿಗೆ, ಸಂಜೆ ತಮ್ಮನಿಗೆ. ಹತ್ತು ಗಂಟೆ ದಾಟಿದರೆ ಬೆಳಗಲ್ಲ, ನಾಲ್ಕಕ್ಕೆ ಮೊದಲು ಸಂಜೆಯಲ್ಲ. ವರ್ಷಾಂತ ಅಣ್ಣನ ಮನೆಯಲ್ಲಿ, ಇಬ್ಬರದ್ದೂ ಸೇರಿ. ಆ ಸಂಜೆಯಿಂದ ದೀಪಗಳು ಕಣ್ಣು ಮಿಟುಕಿಸಲಿಲ್ಲ.

ವರ್ಷಾಂತ ಸಾಂಗವಾಗಿ ಆಯಿತು. ವಡೆ, ಬೆಲ್ಲದ ಸುಟ್ಟವು ಹೊಡೆದು ಅಣ್ಣನ ಚಾವಡಿಯಲ್ಲಿ ಅಡ್ಡಾದ ಮಾಷ್ಟ್ರು, ಸೆಕೆಯಾದಾಗ ಅಭ್ಯಾಸಬಲದಿಂದ ಸೊಂಟದ ರಿಮೋಟು ತೆಗೆದು ಫ್ಯಾನಿನ ಗುಂಡಿ ಒತ್ತಿದರು. ಅಣ್ಣನ ಫ್ಯಾನು ತಿರುಗಿತು. ಒತ್ತಿದರು, ನಿಂತಿತು. ಮಹಾಗಣಪತಿ ಮೆಲ್ಲನೆ ಎದ್ದು, ಅಮ್ಮನ ಫೋಟೋದ ಹಿಂದಿನಿಂದ ತಮ್ಮ ರಿಮೋಟು ತೆಗೆದರು. ಅದೇ ಬಣ್ಣ, ಅದೇ ಅಚ್ಚು. ಹತ್ತಿರ ನಿಂತು ಒತ್ತಿದರೆ ಒಂದರ ಗುಂಡಿಗೆ ಎರಡೂ ಮನೆಗಳು ಓಗೊಡುತ್ತಿದ್ದವು.

“ಅದು ಸರಿ,” ಎಂದರು ಮಾಷ್ಟ್ರು. “ಆದರೆ ನಾವು ಬೈದದ್ದು ಇದಕ್ಕೆ ಹೇಗೆ ತಿಳಿಯುವುದು?”

ಅಡಿಗೆಕೋಣೆಯಲ್ಲಿ ಯಾರೋ ನಗು ತಡೆಯಲಾರದೆ ಕೆಮ್ಮಿದರು. ಪೆಟ್ಟಿಗೆಯಲ್ಲಿ ಬಂದ ಇನ್ನೊಂದು ರಿಮೋಟು, ಕಳೆದುಹೋಯಿತೆಂದು ಮಾಷ್ಟ್ರು ಕೈಬಿಟ್ಟಿದ್ದದ್ದು, ವಸುಮತಿಯ ಸೆರಗಿನ ಗಂಟಿನಿಂದ ಹೊರಬಿತ್ತು.

“ಮೊದಲ ಸಲದ್ದು ಭಾವ ಬೇಲಿಯ ಹತ್ತಿರ ನಿಂತು ಒತ್ತಿದ್ದಕ್ಕೆ ಆದದ್ದು,” ಎಂದಳು. “ಅದು ಗೊತ್ತಾದ ಮೇಲೆ ಅಲ್ಲಿ ನಿಮ್ಮ ಅತ್ತಿಗೆ ಮೂಕಾಂಬಿಕಕ್ಕ, ಇಲ್ಲಿ ನಾನು. ನೀರಿಲ್ಲದೆ ಪಾತ್ರೆ ಒಣಗಿದ್ದು ನಮಗೆ, ನಿಮಗಲ್ಲ.”

ಮನೆಗೆ ಮರಳುವಾಗ ಹೊತ್ತು ಕಂತಿತ್ತು. ಮಾಷ್ಟ್ರ ಮೊಣಕಾಲಿಗೆ ನೋವು ತಿರುಗಿ ಬಂದಿತ್ತು, ನಾಲಿಗೆಗೆ ಶಕ್ತಿಯೂ. ಸೊಂಟದ ರಿಮೋಟು, ಸೆರಗಿನ ರಿಮೋಟು ಎರಡನ್ನೂ ಕಿತ್ತು ಮೇಜಿನ ಮೇಲೆ ಹಾಕಿ, ಬ್ಯಾಟರಿ ತೆಗೆದು ಕಿಸೆಗೆ ಇಳಿಸಿ ಕೂತರು.

“ಹೆದರಿಸಿ ಮಾಡಿಸಿದ ಮಾತು ಮಾತಲ್ಲ. ನಾಳೆ ಬೆಳಿಗ್ಗೆ ಅವನಿಗಿಂತ ಮೊದಲು ನಾನೇ ಪಂಪು ಹಾಕುವುದು. ಯಾರು ಕೇಳ್ತಾರೆ ನೋಡುವ.”

ಟಪ್.

ಉಗ್ರಾಣದ ದೀಪ ಹೋಯಿತು. ಚಾವಡಿಯ ದೀಪ ಉರಿಯುತ್ತಿತ್ತು, ಫ್ಯಾನು ತಿರುಗುತ್ತಿತ್ತು. ವಸುಮತಿ ಮಾಷ್ಟ್ರ ಎದುರೇ, ಎರಡೂ ಕೈಯಲ್ಲಿ ಉಳಿದ ವಡೆಯ ಪಾತ್ರೆ ಹಿಡಿದು ನಿಂತಿದ್ದಳು. ಆಕೆಯ ಮುಖದಲ್ಲಿ ಈಗ ನಗು ಇರಲಿಲ್ಲ.

“ಸ್ವಿಚ್ಚು ಹಾಳಾಗಿರಬೇಕು,” ಎಂದರು ಮಾಷ್ಟ್ರು.

ವಸುಮತಿ ಪಾತ್ರೆ ಇಡದೆಯೇ ಹೋಗಿ ಬಾಗಿಲಿನಿಂದ ಇಣುಕಿ ಬಂದಳು. “ಹಾಳಾಗಲಿಲ್ಲ. ಆರಿಸಿ ಉಂಟು.” ಆಮೇಲೆ, ತುಂಬ ಮೆಲ್ಲಗೆ, “ಹಳೇ ಮಾಲಲ್ವಾ. ಇನ್ನೂ ಕೆಲಸ ಮಾಡ್ತದೆ.”

ಮಾಷ್ಟ್ರು ಗೋಡೆ ಹಿಡಿದುಕೊಂಡು ಎದ್ದು ನಿಂತರು. ಉಗ್ರಾಣದ ಕತ್ತಲೆಯ ಕಡೆಗೆ ತಿರುಗಿ ಕೈ ಮುಗಿದರು.

“ಬೆಳಿಗ್ಗೆ ಅಣ್ಣನಿಗೆ, ಸಂಜೆ ನಮಗೆ,” ಎಂದರು. ಸ್ವಲ್ಪ ತಡೆದು ಇನ್ನೊಮ್ಮೆ ಹೇಳಿದರು, ಈ ಸಲ ಗಟ್ಟಿಯಾಗಿ. ಅಮ್ಮನಿಗೆ ಕಿವಿ ಮಂದವಿತ್ತು.